ಎಡಗಾಲಿನ ಅಚ್ಚು

“ನಿಮ್ಮಮ್ಮ ಈಗಷ್ಟೇ ಈ ಕಡೆ ಹೋದ್ರಲ್ಲ ಕಣೇ,” ಅಂದರು ಪಕ್ಕದ ಅಂಗಡಿಯ ಟೈಲರ್ ಅತ್ತೆ, ಹೊಲಿಗೆಯಿಂದ ತಲೆ ಎತ್ತದೆ. ಅಂದ ಮೇಲೆ ಅವರ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

ತಪ್ಪು ಅವರದಲ್ಲ. ನಾನೂ ಕೇಳಿದ್ದೆ: ಬಲಹೆಜ್ಜೆ ಟಕ್ ಎಂದು ಬೀಳುವುದು, ಎಡಹೆಜ್ಜೆ ಸರ್ರನೆ ಅರೆಗಳಿಗೆ ಎಳೆಯುವುದು. ಅಮ್ಮನ ಎಡಗಾಲಿನ ಕಿರುಬೆರಳ ಬುಡದಲ್ಲಿ ಮೂಳೆ ಉಬ್ಬಿತ್ತು. ಹಾಗೆ ನಡೆಯುತ್ತಿದ್ದವಳು ಅವಳೊಬ್ಬಳೇ. ಬಾಗಿಲಿಗೆ ಓಡಿ ನೋಡಿದರೆ ಯಾರೋ ಕಾಲೇಜು ಹುಡುಗಿ, ಕಾಲಲ್ಲಿ ಹಡಗಿನ ಶೂ.

ಹಡಗಿನ ಶೂ ಎಂದರೆ ಆಮದು ಸುಂಕ ತೆಗೆದ ಮೇಲೆ ಬಂದಿಳಿದ ಮಾಲು. ಚೆಂದ, ಹಗುರ, ನಮ್ಮದರ ಅರ್ಧ ಬೆಲೆ. ಬೀದಿಯ ಐದು ಶೂ ಕಾರ್ಖಾನೆಗಳಲ್ಲಿ ನಾಲ್ಕು ಬಾಗಿಲು ಹಾಕಿದ್ದವು. ಅಪ್ಪ ಶೂ ಹೊಲಿಯುವವನಲ್ಲ, ಅಚ್ಚು ಕೆತ್ತುವವನು. ಅಚ್ಚೆಂದರೆ ಶೂ ಮಾಡುವಾಗ ಚರ್ಮವನ್ನು ಎಳೆದು ಕೂರಿಸುವ ಮರದ ಪಾದ. ಕಾರ್ಖಾನೆಯೇ ಇಲ್ಲದ ಮೇಲೆ ಅಚ್ಚು ಯಾರಿಗೆ ಬೇಕು? ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕೆಂದು ಮಾಲೀಕರು ಹೇಳಿಯಾಗಿತ್ತು.

ವಾರದೊಳಗೆ ಅಮ್ಮ ಬೀದಿ ತುಂಬ ನಡೆಯತೊಡಗಿದಳು. ಬಸ್ ನಿಂತರೆ ಹಡಗಿನ ಶೂ ತೊಟ್ಟ ಹತ್ತು ಅಮ್ಮಂದಿರು ಒಟ್ಟಿಗೆ ಇಳಿಯುತ್ತಿದ್ದರು. ಬದುಕಿದ್ದಾಗ ಮನೆ ಬಿಟ್ಟು ಕದಲದವಳು ಈಗ ಊರೆಲ್ಲ ತಿರುಗುತ್ತಿದ್ದಾಳೆಂದು ಟೈಲರ್ ಅತ್ತೆ ನಗಿಸಲು ನೋಡಿದರು. ಅವರಿಗೇ ನಗು ಬರಲಿಲ್ಲ. ಅಪ್ಪ ಉಳಿ ಕೆಳಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಾ ಕೂರುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಬ್ಯಾಂಕಿನ ಅಕ್ಕ ಬಂದು ತಮ್ಮ ಎಡ ಶೂ ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗೆ ಕಾಲು ಜಾರುತ್ತದಂತೆ, ಯಾರಿಗೂ ಸರಿಮಾಡಲು ಬರಲಿಲ್ಲವಂತೆ, ಅವರ ಆಫೀಸಿನಲ್ಲೇ ಮೂವತ್ತು ಜನರಿಗೆ ಇದೇ ಗೋಳಂತೆ. ಅಪ್ಪ ಶೂ ಒಳಗೆ ಕೈ ತೂರಿಸಿದ. ಕಿರುಬೆರಳ ಜಾಗದ ಗುಳಿಯಲ್ಲಿ ಅವನ ಕೈ ನಿಂತಿತು.

ನನ್ನನ್ನು ಒಳಕ್ಕೆ ಕರೆದು ಬಾಯಿಬಿಟ್ಟ. ನಮ್ಮ ಶೂ ಇನ್ನು ದೇಶದೇಶಕ್ಕೆ ಹೋಗುತ್ತವೆಂದು ಬೀದಿಗೆ ಬೀದಿಯೇ ಕುಣಿದ ವರ್ಷ, ಹೊರದೇಶದ ವ್ಯಾಪಾರಿಗೆ ಮಾದರಿ ಅಚ್ಚು ಕಳಿಸಿದ್ದನಂತೆ. ಅವಸರದಲ್ಲಿ ಬಲಗಾಲಿಗೆ ಎಲ್ಲರ ಅಚ್ಚು, ಎಡಗಾಲಿಗೆ ಅಮ್ಮನ ಕಾಲಿಗೆಂದೇ ಕೆತ್ತಿದ್ದ ಅಚ್ಚು ಕಟ್ಟಿಬಿಟ್ಟಿದ್ದ. ಆರ್ಡರ್ ಬರಲೇ ಇಲ್ಲ. ಅಚ್ಚು ಮಾತ್ರ ಅಲ್ಲೇ ಉಳಿದು ಲಕ್ಷಗಟ್ಟಲೆ ಹಡಗಿನ ಶೂಗಳ ಮರಿ ಹಾಕಿತ್ತು.

“ಒಂದು ಚರ್ಮದ ತುಂಡು ಅಂಟಿಸಿದ್ರೆ ಸರಿಹೋಗುತ್ತೆ ಅಲ್ವಾಪ್ಪ?” ಎಂದೆ.

“ಹೋಗುತ್ತೆ.”

“ಮೂವತ್ತು ಜನ. ಅಂಗಡಿ ಉಳಿಯುತ್ತೆ.”

“ಅವಳು ಉಳಿಯಲ್ಲ ಮಗಳೇ,” ಎಂದ ಅಪ್ಪ. “ಒಬ್ಬೊಬ್ಬರ ಕಾಲಲ್ಲೂ ಅವಳ ಹೆಜ್ಜೆ ನಿಲ್ಲಿಸ್ತಾ ಹೋಗ್ಬೇಕು. ನನ್ನ ಕೈಲಾಗಲ್ಲ.”

“ಹಾಗಾದ್ರೆ ಇಲ್ಲಿ ಕೊಡು.”

ಚರ್ಮ ತೆಳ್ಳಗೆ ಸೀಳಿ, ಗೋಂದು ಸವರಿ, ಆ ಗುಳಿಯಲ್ಲಿ ಒತ್ತಿ ಹಿಡಿದೆ. ಬ್ಯಾಂಕಿನ ಅಕ್ಕ ಶೂ ಹಾಕಿಕೊಂಡು ಬೀದಿಗಿಳಿದರು. ಟಕ್, ಟಕ್, ಟಕ್.

ಅಷ್ಟರಲ್ಲಿ ಬೀದಿಯ ಉಳಿದ ಎಳೆಯುವ ಹೆಜ್ಜೆಗಳೆಲ್ಲ ಒಮ್ಮೆಗೇ ನಿಂತವು. ಆಚೆ ಈಚೆ ಹೋಗುತ್ತಿದ್ದ ಹೆಂಗಸರು ನಡುರಸ್ತೆಯಲ್ಲೇ ನಿಂತು ನಮ್ಮ ಅಂಗಡಿಯತ್ತ ತಿರುಗಿದ್ದರು. ಏಕೆ ನಿಂತೆವೆಂದು ಅವರಿಗೇ ತಿಳಿದಂತಿರಲಿಲ್ಲ. ಅಪ್ಪ ಮೆಲ್ಲನೆ ಎದ್ದು, ತನ್ನ ಸ್ಟೂಲನ್ನು ಒರೆಸಿ, ಬರುವವಳು ಕೂರಲೆಂದು ಬಾಗಿಲ ಬಳಿ ಇಟ್ಟ.