ಅತ್ತೆಯ ಸ್ನಾನದ ಟೋಪಿ ಎಲ್ಲಿ ಹೋಯಿತು?

ಬೀದಿಯವರಿಗೆಲ್ಲ ಅವಳು ಲಾಂಡ್ರಿ ಅಕ್ಕ. ಕೆಳಗೆ ಅಂಗಡಿ: ಎರಡು ವಾಷಿಂಗ್ ಮೆಷಿನ್, ಒಂದು ಡ್ರೈಯರ್, ಉದ್ದನೆಯ ಇಸ್ತ್ರಿ ಮೇಜು. ಮಹಡಿಯ ಮೇಲೆ ಮನೆ. ಅಲ್ಲಿ ಮಂಡಿನೋವಿನ ಅತ್ತೆ ಮಧ್ಯಾಹ್ನ ಉಂಡು ಒಂದು ನಿದ್ದೆ ತೆಗೆಯುತ್ತಾರೆ.

ಅಕ್ಕನಿಗೆ ಒಂದೇ ತಲೆನೋವು, ಅಂಗಡಿಯ ಚಾವಣಿಯಲ್ಲಿದ್ದ ಹೊಗೆ ಅಲಾರಂ. ಇಸ್ತ್ರಿಯ ಹಬೆ ಮೇಲೇರಿದರೆ ಸಾಕು, ಬಾಯಿ ಬಡಿದುಕೊಳ್ಳುತ್ತಿತ್ತು. ಅಕ್ಕಪಕ್ಕದವರು ಓಡಿ ಬಂದು, ಗೊಣಗಿಕೊಂಡು ವಾಪಸು ಹೋಗುತ್ತಿದ್ದರು. ಕೊನೆಗೊಂದು ದಿನ ಅಕ್ಕ ಸ್ಟೂಲ್ ಹತ್ತಿ ಅದಕ್ಕೆ ಪ್ಲಾಸ್ಟಿಕ್ ಟೋಪಿ ಕಟ್ಟಿಬಿಟ್ಟಳು.

ಎಲೆಕ್ಟ್ರಿಷಿಯನ್ ಕೆಲಸ ಮಾಡುವ ನಾದಿನಿ ಬಂದ ಬೆಳಿಗ್ಗೆ ಮಹಡಿಯಿಂದ ಅತ್ತೆಯ ದನಿ ಕೇಳಿತು. "ನನ್ನ ಸ್ನಾನದ ಟೋಪಿ ಕಂಡ್ರೇನ್ರೇ? ಎರಡು ವಾರದಿಂದ ಹುಡುಕ್ತಿದೀನಿ!"

ನಾದಿನಿ ತಲೆ ಎತ್ತಿ ಅಂಗಡಿಯ ಚಾವಣಿ ನೋಡಿದಳು. "ಅತ್ತಿಗೆ, ಅಮ್ಮನ ಟೋಪಿ ಅಲ್ಲಿದೆಯಲ್ಲ!"

ಅಕ್ಕನ ಮುಖ ಕೆಂಪಾಯಿತು. "ಮತ್ತೇನ್ ಮಾಡ್ಲಿ? ದಿನಕ್ಕೆ ಹತ್ತು ಸಲ ಕೂಗುತ್ತೆ. ಬೆಂಕಿ ಬಿದ್ರೆ ನನಗೆ ಗೊತ್ತಾಗಲ್ವಾ?"

"ನಿಮಗೆ ಗೊತ್ತಾಗುತ್ತೆ. ಮಲಗಿರೋ ಅಮ್ಮನಿಗೆ? ನೀವು ಬಟ್ಟೆ ಕೊಡೋಕೆ ಹೋದಾಗ್ಲೂ ಡ್ರೈಯರ್ ಓಡ್ತಾನೇ ಇರುತ್ತಲ್ಲ?"

"ಕೂಗಿದ ತಕ್ಷಣ ಅತ್ತೆ ಇಳಿದು ಬರ್ತಾರೆ ಬಿಡು."

"ನೋಡೇ ಬಿಡೋಣ." ನಾದಿನಿ ಟೋಪಿ ಬಿಚ್ಚಿ ಅಲಾರಂನ ಪರೀಕ್ಷೆ ಬಟನ್ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಅತ್ತೆ ಕನ್ನಡಕ ಹುಡುಕಿ, ಬೀರುವಿಗೆ ಬೀಗ ಹಾಕಿ, ನೀಟಾಗಿ ತಲೆ ಬಾಚಿಕೊಂಡು ಕೆಳಗೆ ಬಂದದ್ದು ಏಳು ನಿಮಿಷದ ಮೇಲೆ.

"ಅದು ಸುಮ್ಸುಮ್ನೆ ಕೂಗೋದಲ್ವಾ? ಅದಕ್ಕೇ ನಿಧಾನವಾಗಿ ಬಂದೆ," ಎಂದು ನಕ್ಕರು.

ಅಕ್ಕ ನಗಲಿಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು.

"ತಪ್ಪು ಅಲಾರಂದಲ್ಲ, ಅದನ್ನ ಹಾಕಿರೋ ಜಾಗದ್ದು," ಎಂದಳು ನಾದಿನಿ. "ಹಬೆ, ಬಟ್ಟೆಯ ಧೂಳು ಇರೋ ಕಡೆ ಹೀಟ್ ಡಿಟೆಕ್ಟರ್ ಬೇಕು. ಅದು ಹಬೆಗೆಲ್ಲ ಕೂಗಲ್ಲ. ಚಾವಣಿ ಹತ್ತಿರ ಗಾಳಿ ವಿಪರೀತ ಬಿಸಿಯಾದ್ರೆ ಮಾತ್ರ ಕೂಗುತ್ತೆ."

"ಹಾಗಿದ್ರೆ ಮೇಲೂ ಅದನ್ನೇ ಹಾಕಿಬಿಡು."

"ಬೇಡ ಅತ್ತಿಗೆ. ಬೆಂಕೀಲಿ ಸಾಮಾನ್ಯವಾಗಿ ಮೊದಲು ಬರೋದು ಹೊಗೆ. ಮಲಗೋ ಕೋಣೆಗೆ, ಮೆಟ್ಟಿಲಿಗೆ ಹೊಗೆ ಅಲಾರಮ್ಮೇ ಬೇಕು. ಎಲ್ಲವನ್ನೂ ಒಂದಕ್ಕೊಂದು ಜೋಡಿಸ್ತೀನಿ. ಕೆಳಗಿಂದು ಕೂಗಿದ್ರೆ ಅಮ್ಮನ ತಲೆ ಮೇಲಿಂದೂ ಕೂಗುತ್ತೆ."

ಅದೇ ವಾರ ಕೆಲಸ ಮುಗಿಯಿತು. ಟೋಪಿ ಅತ್ತೆಯ ಕೈ ಸೇರಿತು. ಅಕ್ಕ ದಿನವಿಡೀ ಇಸ್ತ್ರಿ ಮಾಡಿದರೂ ಚಾವಣಿ ತೆಪ್ಪಗಿತ್ತು.

ತಿಂಗಳಾದ ಮೇಲೆ, ಯಾರಿಗೂ ಹೇಳದೆ, ಅಕ್ಕ ಬಟನ್ ಒತ್ತಿದಳು. ಕೆಳಗೂ ಮೇಲೂ ಒಟ್ಟಿಗೇ ಕೂಗಿತು. ಅವಳು ಗಡಿಯಾರ ನೋಡುತ್ತಾ ನಿಂತಿರುವಾಗಲೇ ಬೀದಿಯಿಂದ ಗದರಿಕೆ ಕೇಳಿತು.

"ಇನ್ನೂ ಒಳಗೇನ್ ಮಾಡ್ತಿದೀಯೇ? ಮೊದ್ಲು ಹೊರಗೆ ಬಾ!"

ಸ್ನಾನಕ್ಕೆ ಹೊರಟಿದ್ದ ಅತ್ತೆ ಪಕ್ಕದ ಮೆಟ್ಟಿಲಿಳಿದು ಬರಿಗಾಲಲ್ಲಿ ಬೀದಿಗೆ ಬಂದು ನಿಂತಿದ್ದರು. ತಲೆಯ ಮೇಲೆ ಅದೇ ಟೋಪಿ. ಒಂದೂವರೆ ನಿಮಿಷವೂ ಆಗಿರಲಿಲ್ಲ. ಅಕ್ಕನ ಎದೆ ಹಗುರಾಯಿತು, ನಗು ತಡೆಯಲಾಗಲಿಲ್ಲ.

ಓದುತ್ತಿರುವವರೇ, ಒಮ್ಮೆ ತಲೆ ಎತ್ತಿ ನಿಮ್ಮ ಚಾವಣಿ ನೋಡಿ. ಅಡುಗೆಮನೆ, ಲಾಂಡ್ರಿಯಂಥ ಕಡೆ ಹೀಟ್ ಡಿಟೆಕ್ಟರ್ ಹಾಕಿಸಿ. ಮಲಗುವ ಕಡೆ ಹೊಗೆ ಅಲಾರಂ ಇರಲಿ. ಅವಕ್ಕೆ ಬಟ್ಟೆ ಕಟ್ಟಬೇಡಿ, ಬಣ್ಣ ಬಳಿಯಬೇಡಿ. ಇವತ್ತೇ ಬಟನ್ ಒತ್ತಿ, ನಿಮ್ಮ ಮನೆಯವರು ಎಷ್ಟು ಹೊತ್ತಿನಲ್ಲಿ ಬೀದಿಗೆ ಬರುತ್ತಾರೆ ಅಂತ ನೋಡಿ.