ಕಳ್ಳಕುರಿಯ ಗುರುತು

ತಿಪ್ಪಮ್ಮಜ್ಜಿ ಕತೆಗೆ ಕುಳಿತರೆ ಜವನಗೊಂಡನಹಳ್ಳಿಯ ನಾಯಿಗಳೂ ಬೊಗಳುವುದನ್ನು ಮರೆಯುತ್ತಿದ್ದವು. ಅಂಥ ಅಜ್ಜಿ ಬಾಯಿ ಬಿಗಿದು ಆರು ತಿಂಗಳಾಗಿತ್ತು. ನೋಡಿ ನೋಡಿ ಮೊಮ್ಮಗಳು ಮಮತಾಳ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು.

ಕೆಂಡ ಹಾಕಿದವನು ಹಿರಿಯೂರಿನ ಪ್ರದೀಪ, ಮೊಬೈಲಿನಲ್ಲಿ ನೋಡುವ ಸೀರಿಯಲ್ ತೆಗೆಯುವವನು. ಮೂರು ದಿನ ಅಜ್ಜಿಯ ಮನೆಯಲ್ಲಿ ಮುದ್ದೆ ಉಂಡು, ಕತೆ ಕೇಳಿ, ಅವರ ಕುರಿಗಳ ಬೆನ್ನಿಗೆ ಹಾಕುವ ಗುರುತನ್ನು, ಮೂರು ಗೆರೆ ಮೇಲೊಂದು ಚುಕ್ಕೆ, ಫೋಟೊ ಹಿಡಿದು ಹೋಗಿದ್ದ. ಅದು ಅವನ ಸೀರಿಯಲ್ಲಿನ ನಾಯಕನ ಎದೆಯ ಮೇಲೆ ಬಂತು. ಆಮೇಲೆ ಹೊಳಲ್ಕೆರೆಯ ಆಟೊಗಳಿಗೆ, ಹೊಸದುರ್ಗದ ಹುಡುಗರ ಟೀ ಶರ್ಟಿಗೆ, ದುರ್ಗದ ಜಿಮ್ಮಿನ ಗೋಡೆಗೆ ಹತ್ತಿತು. ಎಲ್ಲಿಂದ ತಂದಿರಿ ಎಂದವರಿಗೆ, "ನನ್ನ ಕನಸಿಗೆ ಬಂತು" ಎಂದ ಪ್ರದೀಪ. ಕೊನೆಗೆ ಸಂತೆಯಲ್ಲಿ ಯಾರೋ ಅಜ್ಜಿಯನ್ನೇ ಕೆಣಕಿದರು: "ಏನಜ್ಜಿ, ಸೀರಿಯಲ್ ನೋಡಿ ಕಾಪಿ ಹೊಡ್ದೀಯಾ?" ಅಂದು ಮುಚ್ಚಿದ ಬಾಯಿ ಅದು.

ಎರಡನೇ ಭಾಗಕ್ಕೆ ಪ್ರದೀಪ ಮತ್ತೆ ಬಂದ. "ಹೊಸಾ ಗುರುತು ಬೇಕು ಕಣಮ್ಮಾ ಮಮತಾ. ಖಡಕ್ಕಾಗಿರ್ಬೇಕು."

ಮಮತಾ ನಗುತ್ತಲೇ ಕೆಮ್ಮಣ್ಣು ಕಲಸಿದಳು. ಹಲಗೆಯ ಮೇಲೆ ಅರ್ಧಚಂದ್ರ ಬರೆದು ನಡುವೆ ಅಡ್ಡಗೆರೆ ಎಳೆದಳು.

"ಇದನ್ನ ಎಲ್ಲಾ ಕುರಿಗೂ ಹಾಕಲ್ಲಣ್ಣಾ. ನೂರರಾಗೆ ಒಂದಕ್ಕೆ. ಯಾವ ಬೇಲಿಗೂ ಹೆದರದೇ ಇರೋದಕ್ಕೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಹೆಚ್ಚೇನೂ ಕೇಳಲಿಲ್ಲ.

ಎರಡು ತಿಂಗಳಲ್ಲಿ ಅರ್ಧಚಂದ್ರ ಊರೂರು ತುಂಬಿತು. ಪ್ರದೀಪ ಮುಂಗೈಗೇ ಹಚ್ಚೆ ಹಾಕಿಸಿಕೊಂಡು ತೋರಿಸಲು ಬಂದ. ಕುರಿ ಬಿಡುತ್ತಿದ್ದ ಮಮತಾಳ ಚಿಕ್ಕಪ್ಪ ಮಾರಣ್ಣ ಆ ಕೈ ನೋಡಿದವನೇ ಬಿದ್ದು ಬಿದ್ದು ನಕ್ಕ.

"ಯಾಕಣ್ಣಾ ನಗ್ತೀಯಾ?"

"ಕಂಡೋರ ಹೊಲಕ್ಕೆ ನುಗ್ಗಿ ಮೇಯೋ ಕಳ್ಳಕುರಿಗೆ ಬಳಿಯೋ ಗುರುತು ಕಣಪ್ಪಾ ಇದು! ಹೊಲದೋರು ದೂರದಿಂದ್ಲೇ ಕಂಡು ಅಟ್ಟಲಿ ಅಂತ."

ಪ್ರದೀಪನ ಮುಖ ಕಪ್ಪಿಟ್ಟಿತು. "ಜನಕ್ಕೆ ಇದು ಧೈರ್ಯದ ಗುರುತು," ಎಂದು ತೊದಲಿದ.

"ಜನಕ್ಕೆ ಹಂಗೇ ಇರ್ಲಿ ಬಿಡಣ್ಣಾ," ಎಂದಳು ಮಮತಾ. "ಆಟೋದೋರು ಪಾಪ, ಏನ್ ಮಾಡಿದಾರೆ? ನೀನ್ ಮಾತ್ರ ತುತ್ತು ಎತ್ತಿದಾಗೆಲ್ಲ ನಮ್ಮಜ್ಜೀನ ನೆನೀಬೇಕು."

ಆಗ ಜಗುಲಿಯಿಂದ ಅಜ್ಜಿ ಎದ್ದು ಬಂದಳು. ಅವನ ಕೈ ಹಿಡಿದು ಹಚ್ಚೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಅಷ್ಟು ದಿನ ಬಿಗಿದಿದ್ದ ಬಾಯಿ ತೆರೆಯಿತು.

"ಕುರಿಗಾದ್ರೆ ಉಣ್ಣೆ ಕತ್ತರಿಸಿದ್ರೆ ಹೋಗ್ತೈತಪ್ಪಾ. ಲೇ ಮಾರಣ್ಣಾ, ಕತ್ತರಿ ತಗಂಬಾರೋ, ನೋಡಾಣ."