ಐದು ಕುರ್ಚಿಗಳ ಎತ್ತರ

ಗಡಿಯ ಸೇತುವೆ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಅಕ್ಕ ಹೊಳೆಯ ಆಚೆ, ನಾನು ಈಚೆ. ಅವಳು ಮಾಳಿಗೆಯ ಮೇಲೆ ನೀಲಿ ಹೊದಿಕೆ ಒಣಹಾಕಿ, ಹೊತ್ತು ಮುಳುಗುವಾಗ ತೆಗೆಯುತ್ತಿದ್ದಳು. ಅದು ಕಂಡರೆ ಅಕ್ಕ ಚೆನ್ನಾಗಿದ್ದಾಳೆ ಎಂದು ಸಮಾಧಾನ.

ಸೇತುವೆಯ ಬೀಗದ ಕೈ ನಮ್ಮಲ್ಲೂ ಇರಲಿಲ್ಲ, ಆಚೆಯವರಲ್ಲೂ ಇರಲಿಲ್ಲ. ಹಿಂದೆ ದೇಶಗಳಿಗೆಲ್ಲ ಒಬ್ಬನೇ ದೊಡ್ಡಣ್ಣನಿದ್ದ, ಅವನು ಹೂಂ ಅಂದರೆ ಸಾಕಿತ್ತು. ಈಗ ಐದು ದೊಡ್ಡ ದೇಶಗಳೂ ಹೂಂ ಅನ್ನಬೇಕು. ಅವುಗಳ ಕಡೆಯ ಐವರು ನಮ್ಮೂರ ಪುರಭವನದಲ್ಲೇ ಕೂತು ಮಾತಾಡುವುದೆಂದಾಯಿತು. ನಾನು ಬಡಗಿ; ಮೇಜು ಕುರ್ಚಿಯ ಕೆಲಸ ನನ್ನ ಪಾಲಿಗೆ ಬಂತು.

"ಮೇಸ್ತ್ರೀ, ಯಾರ ಕುರ್ಚಿನೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು," ಎಂದರು ಪುರಭವನದ ಸಾಹೇಬರು.

"ಬೀಗರನ್ನ ಕೂರಿಸಿದ ಹಾಗೆ ಅನ್ನಿ."

"ಬೀಗರು ಮುನಿಸ್ಕೊಂಡ್ರೆ ಅವರು ಊಟ ಬಿಡ್ತಾರೆ. ಇವರು ಮುನಿಸ್ಕೊಂಡ್ರೆ ನಾವು ಬಿಡ್ಬೇಕು!"

ಮೇಜನ್ನು ದುಂಡಗೆ ಮಾಡಿದೆ. ಒಂದೊಂದು ಕುರ್ಚಿ ಮುಗಿದಾಗಲೂ ಅಕ್ಕ ಒಂದು ಹೆಜ್ಜೆ ಹತ್ತಿರ ಬಂದಂತೆನಿಸುತ್ತಿತ್ತು. ಐದನ್ನೂ ನನ್ನ ಕೆಲಸದ ಮನೆಯ ಕಲ್ಲುಹಾಸಿನ ಮೇಲೆ ನಿಲ್ಲಿಸಿ ದಾರ ಎಳೆದು ನೋಡಿದೆ. ಒಂದೇ ಮಟ್ಟ. ಪುರಭವನದ ನೆಲ ನೋಡುವುದನ್ನು ಮಾತ್ರ ಮರೆತೆ. ತೊಳೆದ ನೀರು ಹರಿದುಹೋಗಲೆಂದು ಅದನ್ನು ಬಾಗಿಲ ಕಡೆಗೆ ಇಳಿಜಾರಾಗಿ ಕಟ್ಟಿದ್ದರು.

ಮೊದಲ ದಿನವೇ ಬಾಗಿಲ ಕಡೆಯವನು, ತಾನು ಬೆರಳಗಲ ಕೆಳಗಿದ್ದೇನೆಂದು ಎದ್ದುಬಿಟ್ಟ. ಅವನ ಕುರ್ಚಿಯ ಕಾಲಿನಡಿ ಮರದ ಚಕ್ಕೆ ಕೊಟ್ಟೆ. ಪಕ್ಕದವನು ಎದ್ದ. ಇನ್ನೆರಡರ ಕಾಲು ಕೊಯ್ದೆ. ಮೂರನೆಯವನೂ ಎದ್ದ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಪಾಡಾಯಿತು. ಆ ಕೋತಿಗಾದರೂ ಬೆಣ್ಣೆ ಸಿಕ್ಕಿತ್ತು. ನಾಲ್ಕನೆಯ ದಿನ ಐದೂ ಸರಿಹೋದವು. ಅಷ್ಟರಲ್ಲಿ ಐವರೂ ವಿಮಾನ ಹತ್ತಿದ್ದರು.

"ನಿನ್ನ ತಪ್ಪಲ್ಲ ಬಿಡೋ ಮಾರಾಯ," ಎಂದರು ಸಾಹೇಬರು. "ಕುಣೀಲಾರದವರಿಗೆ ನೆಲ ಡೊಂಕು."

"ಈ ನೆಲ ನಿಜವಾಗ್ಲೂ ಡೊಂಕು, ಸ್ವಾಮೀ," ಎಂದೆ.

ಉಳಿದ ಮರದಲ್ಲಿ ಆರನೆಯ ಕುರ್ಚಿ ಮಾಡಿದೆ. ಅಕ್ಕನ ಎಡಗಾಲು ಹುಟ್ಟಿನಿಂದ ಎರಡು ಬೆರಳಗಲದಷ್ಟು ಗಿಡ್ಡ. ಕೂತರೆ ನೆಲಕ್ಕೆ ತಾಗದೆ ತೂಗಾಡುತ್ತದೆ. ಎಡಗಡೆ ಪಾದದ ಕೆಳಗೆ ಬರುವಂತೆ ಎರಡು ಬೆರಳು ದಪ್ಪದ ಹಲಗೆ ಜೋಡಿಸಿದೆ. ಅದಕ್ಕೆ ಅಳತೆಪಟ್ಟಿ ಬೇಕಾಗಲಿಲ್ಲ.

ಸಾಯಂಕಾಲ ಅದನ್ನು ಹೊತ್ತೊಯ್ದು ದಡದಲ್ಲಿ ಆಚೆಗೆ ಮುಖಮಾಡಿ ಇಟ್ಟೆ. ಪಕ್ಕದಲ್ಲಿ ನೆಲದ ಮೇಲೆ ನಾನು ಕೂತೆ.

ಹೊತ್ತು ಮುಳುಗಿತು. ಆವತ್ತು ಅಕ್ಕ ಮಾಳಿಗೆಗೆ ಬಂದು ಈಚೆ ನೋಡುತ್ತ ನಿಂತಳು, ಹೊದಿಕೆ ತೆಗೆಯಲಿಲ್ಲ.